ನೆಲಕ್ಕಿಟ್ಟರೆ ನಿಲ್ಲುವ ಕಾರು

ಮಿನಿ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರೋರನ್ನ ನಾನು ಬೈಯಲ್ಲ, ಹೋದ ಸೆಮ್‌ನಲ್ಲಿ ನನಗೂ ಆ ಯೋಚನೆ ಬಂದಿತ್ತು. ಆದರೆ ರಜೆಯಲ್ಲಿ ಸುಮ್ಮನೆ ಒಂದು ರಿಮೋಟ್ ಕಾರ್ ಮಾಡಿದ ಮೇಲೆ ಮನಸ್ಸು ಬದಲಾಯಿತು.

ಎಸ್.ಪಿ. ರೋಡಿನಿಂದ ಆರ್ಡುಯಿನೊ, ಎಚ್‌ಸಿ-05 ಬ್ಲೂಟೂತ್, ಎಲ್298ಎನ್ ಮೋಟರ್ ಡ್ರೈವರ್, ನಾಲ್ಕು ಹಳದಿ ಬಿಒ ಮೋಟರ್ ತಂದೆ. ಜೊತೆಗೆ ಒಂದು ಪುಟ್ಟ 9 ವೋಲ್ಟ್ ಬ್ಯಾಟರಿ. ಕೈಯಲ್ಲಿ ಎತ್ತಿ ಹಿಡಿದರೆ ಚಕ್ರ ತಿರುಗುತ್ತೆ, ನೆಲಕ್ಕಿಟ್ಟರೆ ಬ್ಲೂಟೂತ್ ಸಮೇತ ಕಟ್! ಎಂಟು ದಿನ ಕೋಡನ್ನೇ ತಿದ್ದಿದೆ. ತಪ್ಪು ಬ್ಯಾಟರಿಯದು. ಮಲ್ಟಿಮೀಟರ್‌ಗೆ ಅದು ಸಾಕು, ನಾಲ್ಕು ಮೋಟರ್ ಕೇಳೋ ಕರೆಂಟ್ ಅದರ ಕೈಲಿ ಆಗಲ್ಲ. ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿದು ಆರ್ಡುಯಿನೊ ರೀಸೆಟ್ ಆಗ್ತಿತ್ತು. ಸಾಲದ್ದಕ್ಕೆ ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗುತ್ತೆ. ಎರಡು 18650 ಸೆಲ್ ಸೀರೀಸ್‌ನಲ್ಲಿ ಹಾಕಿದೆ, ಕಾರಿಡಾರ್ ತುಂಬ ಓಡಿತು.

(ಇಂಟರ್ನಲ್ ರೆಸಿಸ್ಟೆನ್ಸ್ ಲೆಕ್ಕಕ್ಕೆ ಪಿಯುಸಿಯಲ್ಲಿ ಫುಲ್ ಮಾರ್ಕ್ಸ್ ತಗೊಂಡವನು ನಾನು!)

ಕೊಂಡು ತಂದ ಪ್ರಾಜೆಕ್ಟಲ್ಲಿ ಈ ಎಂಟು ದಿನ ಸಿಗಲ್ಲ. ನಮ್ಮ ವೈವಾದಲ್ಲಿ ‘ಓಡುತ್ತಾ?’ ಅಂತ ಮಾತ್ರ ಕೇಳ್ತಾರೆ. ‘ಯಾವಾಗ ನಿಂತಿತ್ತು, ಯಾಕೆ?’ ಅಂತಲೂ ಕೇಳಲಿ, ಅದಕ್ಕೆ 10 ಮಾರ್ಕ್ಸ್ ಇಡಲಿ. ಯಾರ ಕಾರು ಯಾರು ಮಾಡಿದ್ದು ಅಂತ ಅಲ್ಲೇ ಗೊತ್ತಾಗುತ್ತೆ.