ಪದವಿನ ಮಣ್ಣು ಪಾಳುಮಣ್ಣೆ?

ಮಂಗಳೂರಿನ ನೆಲ ಸಮತಲವಾದುದಲ್ಲ. ಕಡಲಂಚಿನ ಮರಳುಪಟ್ಟಿಯನ್ನೂ ನೇತ್ರಾವತಿ, ಗುರುಪುರ ನದಿಗಳ ಬಯಲನ್ನೂ ಬಿಟ್ಟರೆ ಉಳಿದುದೆಲ್ಲ ಬಹುಮಟ್ಟಿಗೆ ಗುಡ್ಡ ಮತ್ತು ಕಣಿವೆ. ಈ ಗುಡ್ಡಗಳಲ್ಲಿ ಅನೇಕವುಗಳ ನೆತ್ತಿ ಮೇಜಿನಂತೆ ಮಟ್ಟಸ. ಮಗ್ಗುಲುಗಳು ಮಾತ್ರ ಕಡಿದಾದ ಇಳಿಜಾರು. ಮಟ್ಟಸವಾದ ಆ ನೆತ್ತಿಗೆ ತುಳುನಾಡಿನವರು ಪದವು ಎನ್ನುತ್ತಾರೆ. ಪದವಿನಂಗಡಿ, ಮೋಂಟೆಪದವು ಮೊದಲಾದ ಊರ ಹೆಸರುಗಳಲ್ಲಿ ಆ ಮಾತು ಇಂದಿಗೂ ಉಳಿದುಬಂದಿದೆ. ಬಜ್ಪೆಯ ವಿಮಾನ ನಿಲ್ದಾಣವಿರುವುದೂ ಇಂಥದೇ ನೆತ್ತಿಯ ಮೇಲೆ.

ಪದವಿನಲ್ಲಿಯೂ ಅದರ ಇಳಿಜಾರಿನಲ್ಲಿಯೂ ಬೇಸಾಯ ಕಷ್ಟಸಾಧ್ಯ. ಹಲವೆಡೆ ಮಣ್ಣು ಒಂದು ಗೇಣು ಆಳವೂ ಇಲ್ಲ. ಇರುವ ಮಣ್ಣಿನ ತುಂಬ ಹರಳುಕಲ್ಲು. ಅದರಡಿಯಲ್ಲಿ ಗುದ್ದಲಿಗೆ ಬಗ್ಗದ ಮುರಕಲ್ಲು. ಆದುದರಿಂದ ಹಿಂದಿನವರು ಇಂಥ ನೆಲವನ್ನು ದನಗಳ ಮೇವಿಗೆ, ಮನೆಯ ಮಾಡಿಗೆ ಹೊದಿಸುವ ಮುಳಿಹುಲ್ಲಿಗೆ, ಗದ್ದೆಯ ಗೊಬ್ಬರದ ಸೊಪ್ಪಿಗೆ ಬಿಟ್ಟಿದ್ದರು. ಸಾಗುವಳಿಯ ಭೂಮಿಗೆ ತಾಗಿದ ಸರಕಾರಿ ನೆಲದಲ್ಲಿ ಮೇವು, ಸೊಪ್ಪುಗಳನ್ನು ಪಡೆಯುವ ಕುಮ್ಕಿ ಎಂಬ ಸೌಕರ್ಯ ಈ ಜಿಲ್ಲೆಯಲ್ಲಿ ಬೆಳೆದುಬಂದುದು ಈ ಅಗತ್ಯದಿಂದಲೇ. ಇಂದು ದನವೂ ಕಡಿಮೆ, ಮುಳಿಹುಲ್ಲಿನ ಮಾಡೂ ಇಲ್ಲ. ಆದುದರಿಂದ ಪದವು ಎಂದರೆ ಪಾಳುನೆಲ, ಅಗೆದು ಮಟ್ಟಮಾಡಿದರಷ್ಟೇ ಅದಕ್ಕೆ ಬೆಲೆ ಎಂಬ ಭಾವನೆ ಬಲಿತಿದೆ. ಈ ಭಾವನೆ ತಪ್ಪು ಮಾತ್ರವಲ್ಲ, ಪ್ರಾಣಕ್ಕೆ ಎರವಾಗಬಲ್ಲದು ಎಂಬುದು ನಮ್ಮ ಅಭಿಪ್ರಾಯ.

ಕಡಿದಾದ ಕಣಿವೆಗಳ ಮಗ್ಗುಲಲ್ಲಿ ಕಲ್ಲುಮಣ್ಣು ಇರುವುದು ಬೇರೆ ದೇಶಗಳಲ್ಲಿಯೂ ಉಂಟು. ಪಶ್ಚಿಮ ಅಮೆರಿಕದ ಒಣ ಹುಲ್ಲುಗಾವಲುಗಳು ಇದಕ್ಕೆ ನಿದರ್ಶನ. ಅಲ್ಲಿ ಮಳೆ ಅಲ್ಪ. ಬಂಡೆ ಮೆಲ್ಲಮೆಲ್ಲಗೆ ಒಡೆಯುತ್ತದೆ. ಉಂಟಾದ ಅಷ್ಟಿಷ್ಟು ಮಣ್ಣೂ ಇಳಿಜಾರಿನಲ್ಲಿ ಜಾರಿಹೋಗಿ ಕಲ್ಲು ಮಾತ್ರ ಉಳಿಯುತ್ತದೆ. ನಮ್ಮಲ್ಲಿಯ ಸಂಗತಿ ಇದಕ್ಕೆ ವಿರುದ್ಧವಾದುದು. ಮಂಗಳೂರಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೆ ಸಮೀಪದಷ್ಟು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳದು. ಇಲ್ಲಿ ಕಲ್ಲನ್ನು ಮಾಡಿದುದೇ ಮಳೆ!

ಅದು ಹೇಗೆ? ನಮ್ಮ ಗುಡ್ಡಗಳ ಬುಡದಲ್ಲಿರುವುದು ನೈಸ್ ಎಂಬ ಅತಿ ಪ್ರಾಚೀನ ಶಿಲೆ. ಅದರ ವಯಸ್ಸು 250 ಕೋಟಿ ವರ್ಷಗಳಿಗೂ ಮಿಕ್ಕುದು. ಬೆಚ್ಚನೆಯ ಮಳೆನೀರು ಲಕ್ಷಾಂತರ ವರ್ಷಗಳ ಕಾಲ ಅದರಲ್ಲಿ ಇಂಗಿ, ಸುಣ್ಣ, ಸೋಡಿಯಂ, ಪೊಟ್ಯಾಸಿಯಂಗಳನ್ನೂ ಸಿಲಿಕಾದ ಬಹುಭಾಗವನ್ನೂ ಕರಗಿಸಿ ಒಯ್ದಿತು. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಹಿಂದುಳಿದವು. ಒಮ್ಮೆ ನೆನೆದು ಒಮ್ಮೆ ಒಣಗುವ ಮೇಲ್ಭಾಗದಲ್ಲಿ ಕಬ್ಬಿಣವು ಗಾರೆಯಂತೆ ಗಟ್ಟಿಗೊಂಡು ಮುರಕಲ್ಲಾಯಿತು. 1800–01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದು ಕೇರಳಕ್ಕೆ ಸೇರಿರುವ ಅಂಗಡಿಪುರದಲ್ಲಿ ಈ ಕಲ್ಲನ್ನು ಗಮನಿಸಿದನು. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಬಿಟ್ಟಮೇಲೆ ಗಟ್ಟಿಯಾಗುವ, ಇಟ್ಟಿಗೆಯಂತೆ ಕಡಿಯಬಹುದಾದ ಈ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಕೊಟ್ಟನು. ಆ ಹೆಸರು ಇಂದು ಜಗತ್ತಿನಾದ್ಯಂತ ಸಲ್ಲುತ್ತಿದೆ.

ಆದರೆ ಮುರಕಲ್ಲು ಗುಡ್ಡದ ಟೊಪ್ಪಿಗೆ ಮಾತ್ರ. ಅದರ ಕೆಳಗೇನಿದೆ ಎಂಬುದೇ ಮುಖ್ಯ ಪ್ರಶ್ನೆ. ರಸ್ತೆಗಾಗಿ ಕಡಿದ ಗುಡ್ಡದ ಮಗ್ಗುಲನ್ನು, ಎಂದರೆ ದರೆಯನ್ನು, ನಮ್ಮ ವಾಚಕರು ದೂರದಿಂದ ನೋಡಲಿ. ಮೇಲೆ ತೆಳುವಾದ ಹರಳುಮಣ್ಣು. ಅನಂತರ ತೂತುತೂತಾದ ಕೆಂಪು ಮುರಕಲ್ಲು. ಅದರಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣಗಳು ಬೆರೆತ ನುಣುಪಾದ ಮಣ್ಣು. ಇದನ್ನೇ ನಮ್ಮವರು ಶೇಡಿಮಣ್ಣು ಎನ್ನುವುದು. ಇದು ಶಿಲೆ ಕೊಳೆತು ಉಂಟಾದ, ಆದರೆ ಮುರಕಲ್ಲಿನಂತೆ ಗಟ್ಟಿಗೊಳ್ಳದ ಪದರ. ಬೇಸಗೆಯಲ್ಲಿ ಇದು ಬೆಲ್ಲದ ಅಚ್ಚಿನಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದಾಗ ಅದೇ ಬೆಲ್ಲದಂತೆ ಸಡಿಲಾಗುತ್ತದೆ. ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯಲ್ಲಿ ತುಂಬಿಕೊಂಡಾಗ ಮಣ್ಣಿನ ಭಾರ ಹೆಚ್ಚುತ್ತದೆ, ಕಣಕಣಗಳ ಹಿಡಿತ ತಗ್ಗುತ್ತದೆ, ಒಳಗಿನ ನೀರಿನ ಒತ್ತಡ ಹೊರಕ್ಕೆ ನೂಕುತ್ತದೆ. ಗುಡ್ಡದ ಮಗ್ಗುಲು ಕಡಿಯದೆ ಇದ್ದರೆ ಆ ಪದರಕ್ಕೆ ಮುಂದಿನ ಮಣ್ಣೇ ಆಸರೆ. ಆಸರೆಯನ್ನು ಜೆಸಿಬಿಯಿಂದ ಕೆತ್ತಿ ತೆಗೆದು ದರೆಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರೆ, ಅದು ಮೊದಲ ಬೇಸಗೆಯನ್ನು ಗೆಲ್ಲಬಹುದು; ಮಳೆಗಾಲವನ್ನು ಗೆದ್ದೇ ಗೆಲ್ಲುವುದೆಂದು ಯಾರೂ ಹೇಳಲಾರರು.

ಇದು ಬರಿಯ ತರ್ಕವಲ್ಲ. 2019ರ ಆಗಸ್ಟಿನಲ್ಲಿಯೂ ಮತ್ತೆ 2021ರ ಜುಲೈಯಲ್ಲಿಯೂ ಕುಲಶೇಖರದ ಬಳಿ ರೈಲುಹಾದಿಯ ಮೇಲೆ ಗುಡ್ಡದ ಮಣ್ಣು ಕುಸಿದು ರೈಲುಗಳ ಓಡಾಟ ನಿಂತಿತು. 2025ರ ಮೇ 30ರಂದು ಭಾರಿ ಮಳೆಗೆ ಮೋಂಟೆಪದವಿನಲ್ಲಿ ಮನೆಯೊಂದರ ಮೇಲೆ ಗುಡ್ಡ ಕುಸಿದು, ಇಬ್ಬರು ಎಳೆಯ ಮಕ್ಕಳೂ ಸೇರಿ ಮೂವರು ಸತ್ತರು. ಒಂದೊಂದು ಕುಸಿತಕ್ಕೂ ಅದರದರ ಕಾರಣಗಳಿರುವುವು. ಆದರೆ ಇಳಿಜಾರು, ನೀರು, ಸಡಿಲ ಮಣ್ಣು ಎಂಬ ಮೂರು ಕೂಡಿದೆಡೆಯಲ್ಲೆಲ್ಲ ಅಪಾಯ ಹೊಂಚುಹಾಕಿರುತ್ತದೆ ಎಂಬುದನ್ನು ಮರೆಯಲಾಗದು.

ನಗರ ಬೆಳೆಯಬೇಡವೆ, ಬಡವನಿಗೆ ಮನೆ ಬೇಡವೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಗುಡ್ಡವನ್ನು ಮುಟ್ಟಲೇಬಾರದೆಂದು ನಾವು ಹೇಳುವುದಿಲ್ಲ. ಗುಡ್ಡವನ್ನು ಓದಿ ಮುಟ್ಟಬೇಕೆಂದು ಹೇಳುತ್ತೇವೆ. ಹಾಗೆ ಓದಬಲ್ಲವರು ನಮ್ಮ ನಡುವೆಯೇ ಇದ್ದಾರೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕೃಷಿಕರು ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಸುರಂಗ ಕೊರೆದು, ಒಳಗೆ ಒಸರುವ ನೀರನ್ನು ತೋಟಕ್ಕೆ ಹರಿಸಿಕೊಂಡರು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು, ಮೊದಲ ಕೆಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಎದೆಗುಂದದೆ ಒಬ್ಬರೇ ಕೊರೆದು, ಬೋಳು ಇಳಿಜಾರಿನಲ್ಲಿ ಅಡಿಕೆತೋಟವನ್ನು ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಪಾಳೆನಿಸಿಕೊಂಡ ಗುಡ್ಡವು ನೀರಿನ ಭಂಡಾರವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ಮಾಡತಕ್ಕ ಕೆಲಸಗಳು ಇವು. ಕಡಿಯುವ ಮೊದಲು ಶೇಡಿ ಎಷ್ಟು ಆಳದಲ್ಲಿದೆ ಎಂಬುದನ್ನು ಪರೀಕ್ಷಿಸಬೇಕು. ದರೆಯನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ತಡೆಗೋಡೆ ಕಟ್ಟಿದರೆ ಹಿಂದಿನ ನೀರು ಹೊರಬರಲು ತೂತುಗಳನ್ನು ಬಿಡಬೇಕು. ನೀರಿಗೆ ದಾರಿಯಿಲ್ಲದ ಗೋಡೆ ತಾನೂ ಬಿದ್ದು ಮಣ್ಣನ್ನೂ ಬೀಳಿಸುತ್ತದೆ. ಇಂಗುಗುಂಡಿ ಒಳ್ಳೆಯದೇ, ಆದರೆ ಕಡಿದ ದರೆಯ ನೆತ್ತಿಯಲ್ಲಿ ತೋಡಿದರೆ ಅದು ಶೇಡಿಗೆ ನೀರು ಕುಡಿಸುವ ಉಪಾಯವಾದೀತು. ಇಳಿಜಾರಿನ ಹುಲ್ಲು, ಕುಂಟಾಲ, ಕೇಪಳದ ಪೊದೆಗಳನ್ನು ಕೀಳದೆ ಉಳಿಸಬೇಕು. ಅವುಗಳ ಬೇರು ಆಳದ ಕುಸಿತವನ್ನು ತಡೆಯಲಾರದಾದರೂ, ಮೇಲ್ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ.

ಒಂದು ಗೇಣು ಮಣ್ಣು ಇಲ್ಲಿ ಉಂಟಾಗಲು ಎಷ್ಟು ತಲೆಮಾರುಗಳು ಬೇಕೋ! ಅದನ್ನು ಒಂದು ಮಧ್ಯಾಹ್ನದಲ್ಲಿ ಕೆರೆದು ಹಾಕುವ ಯಂತ್ರ ನಮ್ಮ ಕೈಯಲ್ಲಿದೆ. ಭೂಗೋಳದ ಪಾಠದಲ್ಲಿ ಲ್ಯಾಟರೈಟಿನ ಹೆಸರನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು, ಬರುವ ಮಳೆಗಾಲಕ್ಕೆ ಮುನ್ನ ತಮ್ಮ ಊರಿನ ದರೆಯೊಂದನ್ನು ಸುರಕ್ಷಿತವಾದ ದೂರದಲ್ಲಿ ನಿಂತು ನೋಡಿ, ಅದರ ಪದರಗಳನ್ನು ಗುರುತಿಸಿ, ಅದರ ಬುಡದಲ್ಲಿ ಮನೆಯುಳ್ಳವರಿಗೆ ತಿಳಿಯಹೇಳಲಿ. ಶಾಸ್ತ್ರಜ್ಞಾನದ ಸಾರ್ಥಕತೆ ಅಲ್ಲಿದೆ.