ಹಾಸ್ಟೆಲ್ ಕಜ್ಜಿ, ಭಾಗ 4: ಗಂಧಕಕ್ಕೆ ಮೂಗು ಮುರೀಬೇಡಿ

ರಾತ್ರಿಯಾದ್ರೆ ಬೆರಳ ಸಂದಿ, ಸೊಂಟದಲ್ಲಿ ತುರಿಕೆ. ಬೆಳಿಗ್ಗೆ ಮೆಡಿಕಲ್ ಶಾಪ್‌ನಿಂದ ಸ್ಟೀರಾಯ್ಡ್ ಟ್ಯೂಬ್. ಇದು ನಿಲ್ಲಬೇಕು ಗುರೂ! ಅದು ತುರಿಕೆಯನ್ನ ಮುಚ್ಚಿಡುತ್ತೆ ಅಷ್ಟೇ, ಹುಳ ಚರ್ಮದೊಳಗೆ ಆರಾಮಾಗಿರುತ್ತೆ.

ಡಾಕ್ಟರ್ ನೋಡಿ ಕಜ್ಜಿ ಅಂದ್ರೆ, 5ರಿಂದ 10% ಗಂಧಕದ ಮುಲಾಮು ಈಗಲೂ ಒಳ್ಳೇ ಔಷಧಿನೇ. ಪುಟ್ಟ ಮಕ್ಕಳಿಗೂ, ಗರ್ಭಿಣಿಯರಿಗೂ ಕೊಡ್ತಾರೆ. ಕತ್ತಿನಿಂದ ಪಾದದವರೆಗೆ, ಸಾಮಾನ್ಯವಾಗಿ ಸತತ 3 ರಾತ್ರಿ. ಕೊಳೆತ ಮೊಟ್ಟೆ ವಾಸನೆ, ನಿಜ. ಬೆಳ್ಳಿ ಉಂಗುರ ತೆಗೆದಿಡಿ, ಕಪ್ಪಾಗುತ್ತೆ. ದ್ರಾಕ್ಷಿ ತೋಟಕ್ಕೆ ಹೊಡೆಯೋ ಗಂಧಕದ ಪುಡಿಯನ್ನ ಕೊಬ್ಬರಿ ಎಣ್ಣೇಲಿ ಕಲಸಿ ಬಳಿಯೋದು ಮಾತ್ರ ಬೇಡವೇ ಬೇಡ.

ಒಬ್ಬರೇ ಹಚ್ಕೊಂಡ್ರೆ ಪ್ರಯೋಜನ ಇಲ್ಲ. ರೂಮಿನವರೆಲ್ಲ ಒಂದೇ ರಾತ್ರಿ ಶುರು ಮಾಡ್ಬೇಕು, ಬೆಡ್‌ಶೀಟ್ ಬಿಸಿನೀರಿಗೆ ಹಾಕ್ಬೇಕು. "ನಂಗೇನೂ ತುರಿಕೆ ಇಲ್ವಲ್ಲ" ಅನ್ನೋರೇ, ಮೊದಲ ಸಲ ಹತ್ತಿದಾಗ ತುರಿಕೆ ಶುರುವಾಗೋಕೆ 4ರಿಂದ 6 ವಾರ ಹಿಡಿಯುತ್ತೆ.