ನಿಧಾನವೆಲ್ಲ ದೋಷವಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಿದ್ಯಾರ್ಥಿಗಳೇ, ವಿದ್ಯುತ್ ನಿಂತಾಗ ಲಿನಕ್ಸ್ ಅಳವಡಿಸಿದ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಮಂದವಾಗಿ ನಡೆದರೆ, ಯಂತ್ರವೇ ಕೆಟ್ಟಿತೆಂದು ಭಾವಿಸಬೇಡಿ. ಅದು ಬಹುಮಟ್ಟಿಗೆ ಮಿತವ್ಯಯದ ಏರ್ಪಾಡು.

ಪ್ರೊಸೆಸರ್ ಪ್ರತಿ ಕ್ಷಣ ವ್ಯಯಿಸುವ ಶಕ್ತಿಯು ಸುಮಾರಾಗಿ ಅದರ ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಅರ್ಧಕ್ಕೆ, ವೋಲ್ಟೇಜನ್ನು ಶೇಕಡಾ 20ರಷ್ಟು ಇಳಿಸಿದರೆ ಈ ವ್ಯಯವು ಮೊದಲಿನ ಶೇಕಡಾ 32 ಆಗುವುದು. ಕೆಲಸಕ್ಕೆ ಇಮ್ಮಡಿ ಹೊತ್ತು ಹಿಡಿದರೂ ಪ್ರೊಸೆಸರಿನ ಒಟ್ಟು ಖರ್ಚು ಶೇಕಡಾ 64 ಮಾತ್ರ. ಆದರೆ ಆ ಇಮ್ಮಡಿ ಹೊತ್ತೂ ಪರದೆ ಬೆಳಗುತ್ತಲೇ ಇರುವುದಷ್ಟೆ? ಆದುದರಿಂದ ಅತಿ ನಿಧಾನವೂ ಉಳಿತಾಯವಲ್ಲ.

ಸೆಟ್ಟಿಂಗಿನಲ್ಲಿ ವಿದ್ಯುತ್ ಬಳಕೆಯನ್ನು ಮಿತವ್ಯಯದಿಂದ ಸಮತೋಲಕ್ಕೆ ಬದಲಿಸಿ, ಒಂದೇ ಕೆಲಸದ ಹೊತ್ತನ್ನೂ ಬ್ಯಾಟರಿಯ ಇಳಿಕೆಯನ್ನೂ ಎರಡು ಬಗೆಯಲ್ಲಿ ಅಳೆಯಿರಿ. ಸಮತೋಲದಲ್ಲಿಯೂ ಮಂದವಾದರೆ ಮಾತ್ರ ದೋಷವನ್ನು ಹುಡುಕಿರಿ. ನಿಂಬೆ, ತೊಗರಿ ಮಾರಿ ಬಂದ ಹಣವನ್ನು ಹೊಸ ಯಂತ್ರಕ್ಕೆ ಸುರಿಯುವ ಮುನ್ನ ಅಳತೆಯೇ ನಮ್ಮ ಸಲಹೆಗಾರನಾಗಲಿ.